ಕಪ್ಪಿನ ಬಣ್ಣ

ಫೆಬ್ರವರಿ 3, ಮಂಗಳವಾರ

ಇದು ಬಸ್ಸಿನ ಟ್ರಿಪ್ ಬರೆಯುವ ಪುಸ್ತಕ. ನಿವೃತ್ತಿಯ ದಿನ ಡಿಪೋದಿಂದ ಎರಡು ಖಾಲಿ ಪುಸ್ತಕಗಳನ್ನು ಕಂಕುಳಲ್ಲಿ ಅವುಚಿಕೊಂಡು ಬಂದಿದ್ದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂವತ್ತೆರಡು ವರ್ಷ ಬಸ್ಸು ಓಡಿಸಿ ಒಂದು ಕೋಳಿಮರಿಯ ಕಾಲನ್ನೂ ತುಳಿಯದವನಿಗೆ ಅಷ್ಟೂ ಹಕ್ಕಿಲ್ಲವೇ? ಪ್ರತಿ ಪುಟದ ತಳದಲ್ಲಿ ‘ಗಾಡಿಯಲ್ಲಿ ಕಂಡ ದೋಷ’ ಎಂದು ಅಚ್ಚಾಗಿದೆ. ಅಲ್ಲಿ ನಾನು ಮೂವತ್ತೆರಡು ವರ್ಷವೂ ಬರೆದದ್ದು ಒಂದೇ ಪದ: ಇಲ್ಲ.

ಬರೆಯುವುದು ನನಗೇನೂ ಕಷ್ಟವಲ್ಲ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ. ಮೇಷ್ಟ್ರು ಕರಿಹಲಗೆಯ ತುಂಬ ನನ್ನ ಕೈಯಲ್ಲೇ ಬರೆಸುತ್ತಿದ್ದರು. ‘ನಾನು ಇನ್ನು ಸುಳ್ಳು ಹೇಳುವುದಿಲ್ಲ’ ಎಂದು ಬರೆಸುತ್ತಿದ್ದರು ಎಂಬುದು ಬೇರೆ ಮಾತು.

ಈಗ ವಿಷಯ. ನಾಡಿದ್ದಿನಿಂದ ಬಚ್ಚಲುಮನೆ ಒಡೆಸುತ್ತೇನೆ. ನಾಲ್ಕು ಅಡಿ ಅಗಲ, ಆರು ಅಡಿ ಉದ್ದ. ನನ್ನ ಬಸ್ಸಿನ ಕೊನೆಯ ಸೀಟಿನ ಸಾಲೇ ಇದಕ್ಕಿಂತ ದೊಡ್ಡದು. ಅಕ್ಕ ಅಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಇವತ್ತಿಗೆ ಐವತ್ತೊಂದು ದಿನ. ಆಸ್ಪತ್ರೆಯಿಂದ ನೇರವಾಗಿ ಮಗಳ ಮನೆಗೆ ಹೋದಳು. ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ನಾನು ಓಡಿಸಿದರೆ ಎರಡೂಕಾಲು. ಮಗಳು ಶಾಲೆಯಲ್ಲಿ ಪಾಠ ಹೇಳುವವಳು, ಅದಕ್ಕೇ ನನ್ನ ಈ ಸೋದರಸೊಸೆಯನ್ನು ನಾನು ಟೀಚರಮ್ಮ ಅನ್ನುತ್ತೇನೆ. ನಿನ್ನೆ ಫೋನಿನಲ್ಲಿ ಅವಳು, “ಮಾವ, ಅಮ್ಮ ಆ ಬಚ್ಚಲಿಗೆ ಇನ್ನು ಕಾಲಿಡಲ್ಲ ಅಂತಾಳೆ. ಇಲ್ಲೇ ಇರ್ಲಿ ಬಿಡಿ” ಅಂದಳು. ಬಿಡಿ ಅಂತೆ, ಬಸ್ಸಿನ ಸೀಟು ಬಿಟ್ಟಹಾಗೆ.

ಅಕ್ಕ ನನ್ನೊಡನೆ ಮಾತಾಡಿಲ್ಲ. ಫೋನು ಕೊಡು ಅಂದಾಗಲೆಲ್ಲ ಮಲಗಿದ್ದಾಳೆ, ಊಟ ಮಾಡುತ್ತಿದ್ದಾಳೆ. ಅಷ್ಟು ಮಲಗಿ ಅಷ್ಟು ಉಣ್ಣುವ ಹೆಂಗಸಲ್ಲ ಅವಳು.

ಇರಲಿ. ಕಂಡರೆ ಬಂದೇ ಬಿಡಬೇಕು ಅನ್ನಿಸುವಂಥ ಬಚ್ಚಲು ಕಟ್ಟುತ್ತೇನೆ.

ದೋಷ: ಇಲ್ಲ.

ಫೆಬ್ರವರಿ 5, ಗುರುವಾರ

ಮೇಸ್ತ್ರಿ ಬಂದ. ಏನು ಹೇಳಿದರೂ “ನೋಡೋಣ” ಅನ್ನುತ್ತಾನೆ. ಸುತ್ತಿಗೆ ತಂದಿದ್ದೀಯಾ ಅಂದರೂ ನೋಡೋಣ. ಹಾಗಾಗಿ ಅವನ ಹೆಸರು ನೋಡೋಣ ಮೇಸ್ತ್ರಿ.

ನೆಲದ ಮೊದಲ ಟೈಲ್ಸ್ ಎದ್ದಾಗ ಅವನು ಅದನ್ನು ತಿರುಗಿಸಿ, ನೀರು ಹಾಕಿ, ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಕನ್ನಡಿಯ ಹಾಗೆ ಹೊಳೆಯುವ ಬಿಳಿ ಟೈಲ್ಸು, ಎರಡೇ ವರ್ಷದ್ದು. “ಬಚ್ಚಲಿಗೆ ಹಾಕೋದಲ್ಲ ಇದು. ಯಾರು ಹಾಕಿದ್ದು?” ಎಂದು ಕೇಳಿದ.

ಯಾರೋ ಒಬ್ಬ, ಈಗ ಊರಲ್ಲಿಲ್ಲ ಎಂದೆ. ಆಮೇಲೆ ನನಗೆ ಹೊರಗೆ ಸ್ವಲ್ಪ ಕೆಲಸವಿತ್ತು.

ಸಂಜೆ ಮನೆಯೆಲ್ಲ ಧೂಳು. ಬ್ರೇಕ್ ಇಲ್ಲದ ಬಸ್ಸನ್ನು ನಾನು ಘಟ್ಟದಿಂದ ಇಳಿಸಿದ ಕಥೆ ನೆನಪಾಯಿತು. ಹೇಳೋಣವೆಂದರೆ ಎದುರಿಗೆ ಗೋಡೆ. ಅಕ್ಕ ಇದ್ದಿದ್ದರೆ ಅಡುಗೆಮನೆಯಿಂದಲೇ, “ಹೋದ ಸಲ ಹೇಳ್ದಾಗ ಬಸ್ಸು ಇಷ್ಟು ಉದ್ದ ಇರ್ಲಿಲ್ವಲ್ಲೋ” ಅನ್ನುತ್ತಿದ್ದಳು. ನನ್ನ ಮಾತು ಮುಗಿಯುವವರೆಗೆ ಕಾಯುವ ಹೆಣ್ಣು ಸಿಗದೆ ನಾನು ಒಂಟಿಯಾಗಿ ಉಳಿದೆ. ಭಾವ ತೀರಿಹೋದ ಮೇಲೆ ಅಕ್ಕ ಈ ಮನೆಗೆ ಬಂದಳು. ಅವಳೂ ಕಾಯುತ್ತಿರಲಿಲ್ಲ, ನಡುವೆಯೇ ಬಾಯಿ ಹಾಕುತ್ತಿದ್ದಳು. ಕಥೆ ಅದರಿಂದಲೇ ಬೆಳೆಯುತ್ತಿತ್ತು.

ದೋಷ: ಇಲ್ಲ.

ಫೆಬ್ರವರಿ 9, ಸೋಮವಾರ

ಟವಲಿಗೆ ಕೊಕ್ಕೆ ಎಲ್ಲಿ ಬೇಕು ಎಂದು ಮೇಸ್ತ್ರಿ ಕೇಳಿದ. ಕೊಕ್ಕೆ ಬೇಡ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಬಚ್ಚಲಲ್ಲಿ ಟವಲು ಇರಬಾರದು, ತೇವ ಹಿಡಿದು ವಾಸನೆ ಬರುತ್ತದೆ, ದೊಡ್ಡ ಮನೆಗಳಲ್ಲೆಲ್ಲ ಹೀಗೇ ಎಂದು ಹೇಳಿದೆ. ನಾನು ಎಷ್ಟು ದೊಡ್ಡ ಮನೆ ನೋಡಿದ್ದೇನೆ ಎಂದು ಅವನು ಕೇಳಲಿಲ್ಲ, ಪುಣ್ಯಾತ್ಮ.

ಇಲ್ಲಿ ನಿಜ ಬರೆಯಬಹುದು, ಓದುವವರು ಯಾರಿದ್ದಾರೆ? ಅಕ್ಕ ಒಂದು ದಿನವೂ ಟವಲು ತೆಗೆದುಕೊಂಡು ಸ್ನಾನಕ್ಕೆ ಹೋದವಳಲ್ಲ. ನೀರಿನ ಸದ್ದು ನಿಂತ ಕೂಡಲೇ “ಲೋ, ಟವಲು!” ನಾನು ಎದ್ದು, ಗೊಣಗಿ, ಬಾಗಿಲಿನ ಸಂದಿಯಲ್ಲಿ ಟವಲು ಹಿಡಿಯಬೇಕು. ಅವಳ ಕೈ ತಗಲುವಷ್ಟರಲ್ಲಿ ಹಿಂದಕ್ಕೆಳೆಯಬೇಕು. ಅವಳು ಗಾಳಿಗೆ ಏಟು ಹಾಕಬೇಕು. ಇಪ್ಪತ್ತು ವರ್ಷ ದಿನಾಲೂ ಇದೇ. ಅರವತ್ತೆರಡು ದಾಟಿದವನಿಗೂ ಎಪ್ಪತ್ತೊಂದರವಳಿಗೂ ಶೋಭಿಸುವ ಆಟವಲ್ಲ, ಒಪ್ಪಿದೆ.

ಕೊಕ್ಕೆಯಲ್ಲಿ ಟವಲು ತೂಗುತ್ತಿದ್ದರೆ ನನ್ನನ್ನು ಯಾರು ಕರೆಯುತ್ತಾರೆ?

ಫೆಬ್ರವರಿ 10, ಮಂಗಳವಾರ

ಅಕ್ಕ ಮಾತಾಡಿದಳು.

ಟೀಚರಮ್ಮ ಫೋನನ್ನು ಅವಳ ಕಿವಿಗೆ ಹಿಡಿದಳಂತೆ. ನಾನು ಹೊಸ ಪೈಪು, ಹೊಸ ಕಿಟಕಿ, ಮೇಸ್ತ್ರಿಗೆ ಕೆಲಸ ಕಲಿಸಿದ್ದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಗೋಡೆಗೆ ಯಾವ ಬಣ್ಣ ಬೇಕು ಹೇಳು, ಲೋಕದಲ್ಲಿರುವ ಯಾವ ಬಣ್ಣವಾದರೂ ಸರಿ ಎಂದೆ. ಆಮೇಲೆ ಅವಳು, “ಕಪ್ಪಿನ ಬಣ್ಣ ಹಾಕ್ಸು” ಎಂದು ಫೋನು ವಾಪಸು ಕೊಟ್ಟಳು.

ಸರಿಯಾಗಿ ಕೇಳಿಸಿತಾ ಎಂದು ಟೀಚರಮ್ಮ ಕೇಳಿದಳು. ಒಂದು ಸಲ ಹೇಳಿದರೆ ನನಗೆ ಸಾಕು ಎಂದೆ.

ಕಪ್ಪು. ಬಚ್ಚಲಿಗೆ ಕಪ್ಪು.

ಐವತ್ತೆಂಟು ದಿನಕ್ಕೆ ಮೊದಲ ಮಾತು.

ಫೆಬ್ರವರಿ 14, ಶನಿವಾರ

ಗುಜರಿ ಅಂಗಡಿಗೆ ಹೋದೆ. ಗೋಡೆ ಕಪ್ಪಾಗುವುದಾದರೆ ಮಿಕ್ಕದ್ದಾದರೂ ಕಣ್ಣಿಗೆ ಹಬ್ಬವಾಗಿರಲಿ ಎಂದು ನನ್ನ ಲೆಕ್ಕ. ಈಗಿನ ಸಾಮಾನು ನೋಡಿದರೆ ಎಲ್ಲ ಆಸ್ಪತ್ರೆಯಿಂದ ತಂದಹಾಗೆ. ಅಕ್ಕನಿಗೆ ಆಸ್ಪತ್ರೆ ಸಾಕಾಗಿದೆ.

ಅಂಗಡಿಯಾಕೆ ಒಡೆದ ಮನೆಗಳ ಸಾಮಾನನ್ನೆಲ್ಲ ರಾಶಿ ಹಾಕಿಕೊಂಡು ನಡುವೆ ಮಹಾರಾಣಿಯ ಹಾಗೆ ಕುಳಿತಿರುತ್ತಾಳೆ. ಹಳೆಯ ಹೋಟೆಲಿನದಂತೆ ಒಂದು ಕೈತೊಳೆಯುವ ಬೇಸಿನ್ನು ಸಿಕ್ಕಿತು. ಆನೆಯ ಕಾಲಿನಂಥ ಕಾಲು, ತಿಳಿಹಸಿರು ಬಣ್ಣ, ಒಂದು ಸೀಳೂ ಇಲ್ಲ. ಅಂಚಿನಲ್ಲಿ ಹೂಬಳ್ಳಿ ಕೊರೆದ ಕನ್ನಡಿ. ಹಿತ್ತಾಳೆಯ ನಲ್ಲಿ, ಅದರ ತಲೆಯ ಮೇಲೆ ಪಿಂಗಾಣಿಯ ಬಿಲ್ಲೆ. ಹಂಸದ ಕುತ್ತಿಗೆಯ ಹಾಗೆ ಬಾಗಿದ ಒಂದು ಹಿತ್ತಾಳೆ ಕೊಕ್ಕೆ.

“ಮನೇಲಿ ಏನಣ್ಣ ವಿಶೇಷ?” ಎಂದಳು. ಅಕ್ಕ ಬರುತ್ತಾಳೆ ಎಂದೆ. ಬರುತ್ತಾಳೆ ಎಂದು ಬಾಯಲ್ಲಿ ಬಂದುಬಿಟ್ಟಿತು. ಬಂದ ಮಾತನ್ನು ರಿವರ್ಸ್ ಹಾಕುವುದು ಹೇಗೆ? ಯಾವಾಗ ಎಂದಳು. ಬಣ್ಣ ಒಣಗಿದ ಕೂಡಲೇ ಎಂದೆ. ಕೊಕ್ಕೆಯನ್ನು ಸುಮ್ಮನೆ ಕೊಟ್ಟಳು.

ಅದನ್ನು ಬಾಗಿಲ ಹೊರಗೆ ಹಾಕಿಸಿದೆ. ಹೊರಗೆ.

ಫೆಬ್ರವರಿ 19, ಗುರುವಾರ

ಗೋಡೆಗೆ, ಬಾಗಿಲ ಚೌಕಟ್ಟಿಗೆ ಕಪ್ಪು ಬಳಿದಾಯಿತು. ಎರಡು ಕೈ.

ಒಳಗೆ ನಿಂತೆ. ಡಿಪೋದಲ್ಲಿ ಬಸ್ಸಿನ ಹೊಟ್ಟೆಯ ಕೆಳಗೆ ಇಳಿಯುವ ಗುಂಡಿಯ ಹಾಗಿದೆ. ಹಸಿರು ಬೇಸಿನ್ನು ಕತ್ತಲಲ್ಲಿ ಸಿಕ್ಕಿಬಿದ್ದವರ ಹಾಗೆ ನನ್ನನ್ನೇ ನೋಡುತ್ತಿತ್ತು. ಮೇಸ್ತ್ರಿ ಮೊದಲ ಬಾರಿಗೆ ನೋಡೋಣ ಅನ್ನಲಿಲ್ಲ. “ಯಜಮಾನ್ರೇ, ಇಲ್ಲಿ ಸೋಪು ಬಿದ್ರೆ ಹುಡ್ಕೋಕೆ ಹೆಡ್‌ಲೈಟು ಬೇಕು” ಅಂದ.

ಅಕ್ಕ ಹೇಳಿದ್ದು ಎಂದೆ. ಅವಳಿಗೆ ಈ ಬಚ್ಚಲು ಹೀಗೇ ಕಾಣುತ್ತಿರಬೇಕು. ಹೀಗೆ ಕಾಣಲಿ ನಿನಗೂ, ಎಂದು ಹೇಳಿಕಳಿಸಿದ್ದಾಳೆ. ಆಗಲಿ, ದಿನಾ ನೋಡುತ್ತೇನೆ.

ಫೆಬ್ರವರಿ 20, ಶುಕ್ರವಾರ

ಫೋಟೋ ಕಳಿಸಿದೆ. ಐದು ನಿಮಿಷದಲ್ಲಿ ಟೀಚರಮ್ಮನ ಫೋನು. ಹಿಂದಿನಿಂದ ಏನೋ ಸದ್ದು. ಯಾರೋ ಅಳುತ್ತಿದ್ದಾರೆ ಎಂದುಕೊಂಡೆ. ಅಳುವಲ್ಲ. ಅಮ್ಮ ಸೊಂಟ ಹಿಡಿದುಕೊಂಡು ನಗುತ್ತಿದ್ದಾಳೆ, ಕೂಡಿದ ಮೂಳೆ ಬಿಟ್ಟೀತು, ಏನು ಮಾಡಿದಿರಿ ಮಾವ ಎಂದು ಗದರಿದಳು. ಅಕ್ಕನೇ ಫೋನು ಕಸಿದುಕೊಂಡಳು.

“ಲೋ ಪೆದ್ದ, ಕಪ್ಪು ಅಂದ್ರೆ ಕಪ್ಪಲ್ಲ ಕಣೋ. ನಮ್ಮ ಕಪ್ಪು. ನಿನ್ನ ತಲೆ ಮೇಲೆ ನೀರು ಸುರೀತಿದ್ನಲ್ಲ, ಆ ಕಪ್ಪು.”

ಉಳಿದವರ ಮನೆಯಲ್ಲಿ ಸ್ನಾನದ ನೀರು ಮೊಗೆಯಲು ಚೊಂಬೋ ಮಗ್ಗೋ ಇರುತ್ತದೆ. ನಮ್ಮ ಮನೆಯಲ್ಲಿ ಇದ್ದದ್ದು ಹಿಡಿಯಿರುವ ದೊಡ್ಡ ಎನಾಮಲ್ ಕಪ್ಪು, ಅಮ್ಮನದು. ಅಮ್ಮ ಹೋದಾಗ ನನಗೆ ಐದು, ಅಕ್ಕನಿಗೆ ಹದಿನಾಲ್ಕು. ಮರುದಿನದಿಂದ ಅವಳೇ ನನಗೆ ಆ ಕಪ್ಪಿನಲ್ಲಿ ನೀರು ಹಾಕಿದಳು. ಭಾವನ ಮನೆಗೆ ಹೋಗುವಾಗ ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದಳು, ಇಲ್ಲಿಗೆ ಬರುವಾಗ ಮತ್ತೆ ಹೊತ್ತು ತಂದಳು.

“ಮೇಸ್ತ್ರಿಗೆ ಕಪ್ಪು ತೋರ್ಸು, ಅದೇ ಬಣ್ಣ ಹಾಕ್ತಾನೆ” ಎಂದಳು. ಅಟ್ಟದ ಮೇಲಿದೆ, ತೆಗೆಯುತ್ತೇನೆ ಎಂದೆ.

ಅಟ್ಟದ ಮೇಲಿಲ್ಲ. ಎಲ್ಲೂ ಇಲ್ಲ. ಎರಡು ವರ್ಷದ ಹಿಂದೆ ಆ ಹೊಳೆಯುವ ಟೈಲ್ಸು ಬಂದಾಗ, ಅದರ ಪಕ್ಕದಲ್ಲಿ ಹಳೆಯ ಕಪ್ಪು ಭಿಕ್ಷೆಯ ತಟ್ಟೆಯ ಹಾಗೆ ಕಂಡಿತೆಂದು ಹಳೇ ಸಾಮಾನಿನ ಗಾಡಿಗೆ ಹಾಕಿದೆ. ಎಲ್ಲೋ ಇರಬೇಕು, ಸಿಗುತ್ತದೆ ಎಂದು ಆಗಲೂ ಹೇಳಿದ್ದೆ. ಅವಳು ಎಷ್ಟೋ ದಿನ ಹುಡುಕಿದಳು. ನಾನೂ ಜೊತೆಗೆ ಹುಡುಕಿದೆ.

ಫೆಬ್ರವರಿ 23, ಸೋಮವಾರ

ಮೂರು ದಿನ ಗುಜರಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ರಾಶಿ ಕೆದಕಿದೆ. ಎಂಥ ಕಪ್ಪು ಎಂದು ಅಂಗಡಿಯಾಕೆ ಕೇಳಿದಳು. ಹಿಡಿ ಇದೆ, ಅಂಚು ಒಂದು ಕಡೆ ಚಕ್ಕೆ ಎದ್ದಿದೆ, ಬೆರಳಿಗೆ ಒರಟಾಗಿ ತಗಲುತ್ತದೆ, ಹಂಡೆಗೆ ಬಡಿದರೆ ಟಣ್ ಅನ್ನದೆ ಠಕ್ ಅನ್ನುತ್ತದೆ ಎಂದೆ. “ಬಣ್ಣ ಹೇಳಣ್ಣ” ಎಂದಳು.

ಬಣ್ಣ ಗೊತ್ತಿಲ್ಲ.

ಮೂವತ್ತೆರಡು ವರ್ಷ ಓಡಾಡಿದ ದಾರಿಯ ಒಂದೊಂದು ಗುಂಡಿಯೂ ನೆನಪಿದೆ ಎಂದು ಕೊಚ್ಚಿಕೊಂಡವನು ನಾನು. ಕಣ್ಣು ಮುಚ್ಚಿ ನೋಡಿದೆ, ತೆರೆದು ನೋಡಿದೆ. ಆಮೇಲೆ ಹೊಳೆಯಿತು. ಆ ಕಪ್ಪು ನನ್ನ ತಲೆಯ ಮೇಲೆ ಬರುವಾಗಲೆಲ್ಲ ನನ್ನ ಕಣ್ಣು ಮುಚ್ಚಿರುತ್ತಿತ್ತು. ಸೋಪು. ಅಕ್ಕ “ಬಿಡಬೇಡ ಕಣ್ಣು, ಬಿಡಬೇಡ” ಅನ್ನುತ್ತಿದ್ದಳು. ಆಮೇಲೆ ದೊಡ್ಡವನಾದಾಗ ದಿನಾ ಕಣ್ಣೆದುರಿಗಿದ್ದರೂ ಅದನ್ನು ನೋಡುವ ಹೊತ್ತು ಯಾರಿಗಿತ್ತು?

ಬಣ್ಣ ಗೊತ್ತಿರುವವಳು ಒಬ್ಬಳೇ. ಕೇಳಬೇಕೆಂದರೆ ಕಪ್ಪು ಎಲ್ಲಿ ಹೋಯಿತೆಂದು ಹೇಳಬೇಕು.

ಹೇಳಿದರೆ ಅವಳು ಬರುವುದಿಲ್ಲ.

ಫೆಬ್ರವರಿ 26, ಗುರುವಾರ

ಹೇಳಿದೆ.

ಹತ್ತು ಗಂಟೆಗೆ ಫೋನು ಮಾಡಿ ಮೊದಲು ಬಿಸಿಲು ಸೆಕೆಯ ಮಾತಾಡಿದೆ. ಆಮೇಲೆ ಕಪ್ಪನ್ನು ಗಾಡಿಗೆ ಹಾಕಿದ್ದು ನಾನೇ ಎಂದೆ. ಬಾಯಿ ತೆರೆದದ್ದಾಯಿತಲ್ಲ, ಬ್ರೇಕ್ ಹಿಡಿಯಲಿಲ್ಲ. ಆ ಟೈಲ್ಸು ಜಾರುತ್ತದೆ ಎಂದು ನೀನು ಹೇಳಿದ್ದೆ, ನಾನು ಒದ್ದೆ ಕಾಲಿನಲ್ಲಿ ಅದರ ಮೇಲೆ ಕುಣಿದು ತೋರಿಸಿ ನಿನ್ನ ಬಾಯಿ ಮುಚ್ಚಿಸಿದೆ ಎಂದೆ. ಹಾಕಿದವನೂ ನಾನೇ, ಮೇಸ್ತ್ರಿಗೆ ಹೇಳಿದಹಾಗೆ ಊರಲ್ಲಿಲ್ಲದ ಯಾರೋ ಅಲ್ಲ. ಆ ದಿನ ನೀನು ಟವಲು ಎಂದು ಕರೆದಾಗ ನಾನು ಮನೆಯಲ್ಲಿರಲಿಲ್ಲ, ಮೂಲೆಯ ಟೀ ಅಂಗಡಿಯಲ್ಲಿ ಬ್ರೇಕ್ ಇಲ್ಲದ ಬಸ್ಸಿನ ಕಥೆ ಹೇಳುತ್ತಿದ್ದೆ. ಕರೆದು ಕರೆದು ನೀನೇ ಎದ್ದು ಬಂದು ಬಿದ್ದೆ. ನಾನು ಬರುವವರೆಗೆ ಒದ್ದೆ ನೆಲದ ಮೇಲೆ ಒಂದೂವರೆ ಗಂಟೆ.

ಇಷ್ಟು ಹೇಳಿ ಸುಮ್ಮನಾದೆ. ಅದು ಬಹಳ ಕಷ್ಟದ ಕೆಲಸ.

“ಕಪ್ಪಿಂದು ಗೊತ್ತಿತ್ತು ಕಣೋ. ನೀನು ಹುಡುಕೋ ಚಂದ ನೋಡೇ ಗೊತ್ತಾಗಿತ್ತು. ನಿನ್ನ ಬಾಯಿಂದ ಬರ್ಲಿ ಅಂತ ಕೂತಿದ್ದೆ.”

ಮಿಕ್ಕ ಎರಡರ ಬಗ್ಗೆ ಏನೂ ಹೇಳಲಿಲ್ಲ. ಆಮೇಲೆ ಬಣ್ಣ ಬೇಕೋ ಬೇಡವೋ ಎಂದು ಗದರಿ, ಪೆನ್ನು ತಗೋ ಎಂದಳು. ಹೊರಗಡೆ ಕಿತ್ತಳೆ, ಹಣ್ಣಿನ ಬಣ್ಣವಲ್ಲ, ಸಿಪ್ಪೆ ಕಿಟಕಿಯಲ್ಲಿ ಒಂದು ದಿನ ಒಣಗಿದರೆ ಬರುವ ಬಣ್ಣ. ಒಳಗಡೆ ಕಡುನೀಲಿ, ಶಾಯಿ ಬುಡ್ಡಿಯಲ್ಲಿ ಅರ್ಧಕ್ಕೆ ಇಳಿದಾಗ ಗಾಜಿನ ಮೇಲೆ ಕಾಣುವ ನೀಲಿ. ಅಂಚಿನ ಚಕ್ಕೆ ನೀನು ಕಲ್ಲಿಗೆ ಬಡಿದು ಎಬ್ಬಿಸಿದ್ದು, ಅದು ಮಾತ್ರ ಕಪ್ಪು.

ದೋಷ: ಡ್ರೈವರದ್ದು.

ಮಾರ್ಚ್ 2, ಸೋಮವಾರ

ಗೋಡೆಯ ಮೇಲೆ ಈಗ ಹನ್ನೊಂದು ತೇಪೆ. ದಿನಕ್ಕೆ ಮೂರು ಸಲ ಬಣ್ಣದಂಗಡಿಯವನು ಒಂದು ಡಬ್ಬಿ ಬೆರೆಸುತ್ತಾನೆ, ಮೇಸ್ತ್ರಿ ಒಂದು ಅಂಗೈಯಷ್ಟು ಬಳಿಯುತ್ತಾನೆ, ನಾನು ಫೋನು ಮಾಡುತ್ತೇನೆ. ಫೋಟೋ ಬೇಡ, ಫೋನು ಬಣ್ಣದ ವಿಷಯದಲ್ಲಿ ನಿನ್ನ ಹಾಗೆಯೇ, ಹೆಚ್ಚುಮಾಡಿ ಹೇಳುತ್ತದೆ ಎಂದಳು. ಬಾಯಲ್ಲೇ ಹೇಳಬೇಕು. ಇದ್ದದ್ದನ್ನು ಇದ್ದಹಾಗೆ ಹೇಳುವುದು ನನಗೆ ರೂಢಿಯಿಲ್ಲದ್ದು. ಒಂದು ತೇಪೆಗೆ ಇಟ್ಟಿಗೆಯ ಹಾಗಿದೆ ಎಂದೆ. ಹಸಿ ಇಟ್ಟಿಗೆಯೋ ಸುಟ್ಟದ್ದೋ ಎಂದಳು. ಹೋಗಿ ಇನ್ನೊಮ್ಮೆ ನೋಡಿ ಬಂದೆ.

“ಇನ್ನೂ ಸ್ವಲ್ಪ ಮಾಗ್ಬೇಕು” ಅನ್ನುತ್ತಾಳೆ ದಿನಾ.

ಇವತ್ತು ಹನ್ನೊಂದನೆಯದಕ್ಕೆ ಒಪ್ಪಿದಳು. ನಾಳೆ ಫೋನು ಮಾಡಲು ನೆಪವೇನು? ಅಂದಹಾಗೆ, ಘಟ್ಟದ ಬಸ್ಸಿನ ಕಥೆ ಹೇಳಿ ಎಷ್ಟು ದಿನವಾಯಿತೋ, ಲೆಕ್ಕ ಇಟ್ಟಿಲ್ಲ.

ಮಾರ್ಚ್ 8, ಭಾನುವಾರ

ಗೋಡೆ ಕಿತ್ತಳೆ, ಬಾಗಿಲು ನೀಲಿ. ಮೇಸ್ತ್ರಿ ಕೇಳಿದ, ಆ ಕಪ್ಪನ್ನೆಲ್ಲ ಪೂರ್ತಿ ಮುಚ್ಚಲೇ ಎಂದು. ಬಾಗಿಲ ಚೌಕಟ್ಟಿನ ಒಂದು ಮೂಲೆಯಲ್ಲಿ ಉಗುರಿನಷ್ಟು ಉಳಿಸು, ಅದು ಚಕ್ಕೆ ಎಂದೆ. ನೋಡೋಣ ಅಂದ, ಆದರೆ ಉಳಿಸಿದ. ಹಸಿರು ಬೇಸಿನ್ನು ಈಗ ಗಿಡದ ಮೇಲೆ ಕುಳಿತ ಗಿಳಿಯ ಹಾಗೆ ಗತ್ತಿನಲ್ಲಿದೆ. ಬಳ್ಳಿಯ ಕನ್ನಡಿಯಲ್ಲಿ ನನ್ನ ಮುಖವೂ ಪರವಾಗಿಲ್ಲ.

ನೆಲಕ್ಕೆ ಒರಟು ಕಲ್ಲು. ನೀರು ಸುರಿದು ಬರಿಗಾಲಿನಲ್ಲಿ ನಿಂತೆ, ಒಂದು ಕಾಲಿನಲ್ಲಿ ನಿಂತೆ. ಕುಣಿಯಲಿಲ್ಲ. ಹಿಡಿದುಕೊಳ್ಳಲು ಗೋಡೆಯುದ್ದಕ್ಕೂ ಕಂಬಿ. ಹಳೆಯ ಬಸ್ಸಿನದು, ಗುಜರಿಯಲ್ಲಿ ಸಿಕ್ಕಿತು, ಸಾವಿರಾರು ಕೈ ತಗಲಿ ನುಣುಪಾದದ್ದು. ಕುಳಿತುಕೊಳ್ಳಲು ಮರದ ಸ್ಟೂಲು. ಅಂಗಡಿಯಾಕೆ ಒಂದು ಎನಾಮಲ್ ಕಪ್ಪು ಕೊಟ್ಟಳು, ಬಿಳಿಯದು. ನಮ್ಮದಲ್ಲ. ನಮ್ಮದು ಹೋಯಿತು.

ಕೊನೆಗೆ ಮೇಸ್ತ್ರಿ ಸಾಮಾನು ಕಟ್ಟುವಾಗ ನಾನೇ ಕರೆದು, ಹೊರಗಿರುವ ಹಂಸದ ಕೊಕ್ಕೆಯನ್ನು ಕಿತ್ತು ಒಳಗೆ ಹಾಕು ಎಂದೆ. ಸ್ಟೂಲಿನ ಮೇಲೆ ಕುಳಿತೇ ಕೈಗೆ ಸಿಗಬೇಕು, ಏಳುವ ಕೆಲಸವೇ ಇರಬಾರದು. ತೇವ ಹಿಡಿಯಲ್ಲವೇ ಎಂದ ಅವನು. ಹಿಡಿಯಲಿ ಎಂದೆ.

ಟವಲು ತೂಗುಹಾಕಿ ನೋಡಿದೆ. ಚೆನ್ನಾಗಿ ಕಾಣುತ್ತದೆ. ಕೆಲಸ ಮುಗಿಯಿತು.

ಮಾರ್ಚ್ 12, ಗುರುವಾರ

ಭಾನುವಾರ ಕರೆತರುತ್ತಾಳಂತೆ ಟೀಚರಮ್ಮ. ನೋಡಲಿಕ್ಕೆ ಮಾತ್ರ, ಸಂಜೆಗೆ ವಾಪಸು, ಬಟ್ಟೆ ಕೂಡ ತರುವುದಿಲ್ಲ, ನೀವು ಆಸೆ ಇಟ್ಟುಕೊಳ್ಳಬೇಡಿ ಮಾವ ಎಂದಳು. ನಾನೇಕೆ ಇಟ್ಟುಕೊಳ್ಳಲಿ?

ಅಕ್ಕನ ಮಂಚದ ಧೂಳು ಹೊಡೆದೆ. ಹೇಗೂ ಹೊಡೆಯಬೇಕಾಗಿತ್ತು.

ಮಾರ್ಚ್ 15, ಭಾನುವಾರ

ಹನ್ನೊಂದಕ್ಕೆ ಬಂದರು. ಅಕ್ಕ ಸಣ್ಣಗಾಗಿದ್ದಾಳೆ. ವಾಕರ್ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು, ನನ್ನ ಮುಖ ನೋಡದೆ, ನೇರವಾಗಿ ಬಚ್ಚಲ ಬಾಗಿಲಿಗೆ ಹೋದಳು. ಗೋಡೆ ನೋಡಿದಳು. ಬೇಸಿನ್ನು, ಕನ್ನಡಿ, ನಲ್ಲಿ. ಕಂಬಿ ಹಿಡಿದು, “ಟಿಕೆಟ್ ಯಾರು ಕೊಡ್ತಾರೆ?” ಎಂದಳು. ಚೌಕಟ್ಟಿನ ಮೂಲೆಯ ಕಪ್ಪು ಚಕ್ಕೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತಳು.

ನೀರು ಕಾಯಿಸು ಎಂದಳು. ಟೀಚರಮ್ಮ, ಬೇಡಮ್ಮ, ನೋಡಿ ಹೋಗೋಣ ಅಂತಲ್ಲವಾ ಬಂದದ್ದು ಎಂದಳು. ನೀರು ಕಾದ ಮೇಲೆ ಅಕ್ಕ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಚಿಲಕ ಹಾಕಬೇಡ ಎಂದಳು ಟೀಚರಮ್ಮ. ಒಳಗಿನಿಂದ ಚಿಲಕದ ಸದ್ದಾಯಿತು.

ನಾವಿಬ್ಬರೂ ಹೊರಗೆ ನಿಂತೆವು. ಹಂಡೆಗೆ ಕಪ್ಪು ತಗಲುವ ಸದ್ದು, ನೀರು ಸುರಿಯುವ ಸದ್ದು. ಠಕ್, ಸುರ್. ಠಕ್, ಸುರ್. ನಾನು ಯಾಕೋ ಕಣ್ಣು ಮುಚ್ಚಿಕೊಂಡಿದ್ದೆ.

ನೀರು ನಿಂತಿತು. ಹಂಸದ ಕುತ್ತಿಗೆಗೆ ಟವಲು ಇದೆ, ಕೈಯಳತೆಯಲ್ಲಿದೆ, ಇನ್ನೇನು ತೆಗೆದುಕೊಳ್ಳುತ್ತಾಳೆ.

“ಲೋ.”

ನಾನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ.

“ಟವಲು.”

ಟೀಚರಮ್ಮ, ಟವಲು ಒಳಗೇ ಇದೆಯಲ್ಲಮ್ಮ ಎಂದು ಬಾಯಿ ತೆರೆಯುವಷ್ಟರಲ್ಲಿ ನಾನು ಅವಳ ಮುಂದೆ ಕೈ ಅಡ್ಡ ಹಿಡಿದೆ. ಬೀರುವಿನಿಂದ ಇನ್ನೊಂದು ಟವಲು ತಂದೆ. ಚಿಲಕ ಸರಿಯಿತು, ಬಾಗಿಲು ಒಂದು ಗೇಣು ತೆರೆಯಿತು, ಒದ್ದೆ ಕೈ ಹೊರಗೆ ಬಂತು. ಮುದುಕಿಯ ಕೈ, ಹೋದ ಡಿಸೆಂಬರಿನಲ್ಲಿ ಹೀಗಿರಲಿಲ್ಲ. ಅವಳ ಬೆರಳು ತಗಲಿದ ಕೂಡಲೇ ಟವಲನ್ನು ಹಿಂದಕ್ಕೆಳೆಯಬೇಕು ತಾನೇ? ಎಳೆಯಲು ಆಗಲಿಲ್ಲ. ಕೈಗೇ ಕೊಟ್ಟೆ.

“ಯಾಕೋ, ಎಳೀಲಿಲ್ಲ?” ಎಂದಳು ಒಳಗಿನಿಂದ.

ಮುಂದಿನ ಸಲ ಎಂದೆ.

“ನೋಡೋಣ” ಎಂದಳು. ಮೇಸ್ತ್ರಿಯ ಮಾತು ಅವಳಿಗೆ ಹೇಗೆ ಗೊತ್ತಾಯಿತೋ, ನಾನೇ ಫೋನಿನಲ್ಲಿ ಹೇಳಿರಬೇಕು.

ಉಟ್ಟು ಬಂದ ಬಟ್ಟೆಯನ್ನು ಒಳಗೇ ಒಗೆದು ಹಿಂಡಿ ಹಾಕಿದ್ದಳು. ತನ್ನ ಹಳೆಯ ಬೀರುವಿನ ಬಟ್ಟೆ ಉಟ್ಟುಕೊಂಡು ಬಂದು ಊಟಕ್ಕೆ ಕುಳಿತಳು. ಸಂಜೆ ಹೊರಡುವ ಹೊತ್ತಿಗೆ ಟೀಚರಮ್ಮ ಗಡಿಯಾರ ನೋಡಿದಳು. ಉಟ್ಟು ಬಂದ ಬಟ್ಟೆ ಒಣಗಲಿ, ಆಮೇಲೆ ಹೊರಡೋಣ ಎಂದಳು ಅಕ್ಕ. ಆ ಬಟ್ಟೆ ಒಣಗದೆ ಹೊರಡುವುದು ಹೇಗೆ ಎಂದು ನಾನೂ ದನಿಗೂಡಿಸಿದೆ. ನಾಳೆ ಶಾಲೆಯಿದೆ ಎಂದು ಟೀಚರಮ್ಮ ಇಬ್ಬರನ್ನೂ ಬೈದು, ಮುಂದಿನ ವಾರ ಬರುತ್ತೇನೆ ಎಂದು ಒಬ್ಬಳೇ ಬಸ್ಸು ಹತ್ತಿದಳು.

ಅಕ್ಕ ಈಗ ಅಡುಗೆಮನೆಯಲ್ಲಿ ಕುಳಿತು, ಆ ಬ್ರೇಕ್ ಇಲ್ಲದ ಬಸ್ಸು ಏನಾಯಿತೋ ಎಂದು ಕೇಳುತ್ತಿದ್ದಾಳೆ. ಬಂದೆ ಎಂದಿದ್ದೇನೆ. ಅದಕ್ಕೆ ಮೊದಲು ಹಿತ್ತಲಿಗೆ ಹೋಗಿ ತಂತಿಯ ಮೇಲಿನ ಬಟ್ಟೆಯನ್ನು ಮುಟ್ಟಿ ನೋಡಿದೆ. ಹೆಚ್ಚುಕಡಿಮೆ ಒಣಗಿತ್ತು. ಬಿಳಿ ಕಪ್ಪಿನಲ್ಲಿ ನೀರು ತಂದು ಮೂರು ಸಲ ಚಿಮುಕಿಸಿ ಬಂದೆ.

ದೋಷ: ಬಟ್ಟೆ ಇನ್ನೂ ಒಣಗಿಲ್ಲ.